ಹೊಸಬನ ಪ್ರಶ್ನೆ, ಬಲ್ಲವನ ಬೇಸರ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಮಾತನಾಡುವವರು ನಾಡು ನುಡಿಗಳ ವಿಚಾರವನ್ನು ಎತ್ತಿಕೊಳ್ಳುವುದು ವಾಡಿಕೆ. ಅದು ಉಚಿತವೂ ಹೌದು. ಆದರೆ ಈ ಸಲ ನಮ್ಮ ಕಾರ್ಯದರ್ಶಿಗಳು, "ಸಂಜೆಯಾದರೆ ಸಾಕು, ಕಂಪ್ಯೂಟರಿನ ಮುಂದೆ ಕುಳಿತು ಅದೇನೋ ಮಾಡುತ್ತಿರುತ್ತೀರಲ್ಲ, ಅದನ್ನೇ ಸಭೆಗೆ ತಿಳಿಸಿರಿ" ಎಂದು ಅಪ್ಪಣೆ ಮಾಡಿಬಿಟ್ಟರು. ಹಿರಿಯರ ಮಾತನ್ನು ಮೀರಲಾರದೆ ನಿಂತಿದ್ದೇವೆ. ನಾವು ಎಂದರೆ ಮೂರು ನಾಲ್ಕು ಮಂದಿ ಬ್ಯಾಂಕಿನ ಗುಮಾಸ್ತರು. ಬ್ಯಾಂಕು ಬೇರೆ ಬೇರೆ, ಶಾಖೆ ಬೇರೆ ಬೇರೆ, ಪದವಿ ಮಾತ್ರ ಎಲ್ಲರದೂ ಬಿ.ಕಾಂ. ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರು ನಮ್ಮಲ್ಲಿ ಯಾರೂ ಇಲ್ಲ. ಹಗಲೆಲ್ಲ ಪರರ ಹಣವನ್ನು ಲೆಕ್ಕ ಹಾಕಿ, ರಾತ್ರಿ ಗಾಡಿ ಹಿಡಿದು ಡೊಂಬಿವಲಿ ವಸಾಯಿಗಳ ಕಡೆಯ ಮನೆಗಳನ್ನು ಸೇರಿ, ಊಟವಾದ ಮೇಲೆ ಯಾರೋ ಬೇಡವೆಂದು ಬಿಟ್ಟ ಹಳೆಯ ಕಂಪ್ಯೂಟರನ್ನು ಬಿಚ್ಚಿ ಜೋಡಿಸಿ, ಅದರಲ್ಲಿ ಹೊಸ ತಂತ್ರಾಂಶ ಕೂರಿಸಿ ನೋಡುವುದು ನಮ್ಮ ಹವ್ಯಾಸ. ಕೆಲವರು ವೀಣೆ ನುಡಿಸುತ್ತಾರೆ, ಕೆಲವರು ಅಂಚೆಚೀಟಿ ಕೂಡಿಸುತ್ತಾರೆ, ನಾವು ಇದನ್ನು ಮಾಡುತ್ತೇವೆ. ಇದರಿಂದ ಸಂಬಳವಿಲ್ಲ, ಬಡ್ತಿಯಿಲ್ಲ. ಮನೆಯವರ ಮೆಚ್ಚಿಕೆಯಂತೂ ಇಲ್ಲವೇ ಇಲ್ಲ.

ಈ ಹವ್ಯಾಸಕ್ಕೆ ಒಂದು ವಿಶೇಷವುಂಟು. ವೀಣೆ ಕಲಿಯಬೇಕಾದರೆ ಗುರುಗಳ ಮನೆಗೆ ಹೋಗಬೇಕು. ಇದಕ್ಕೆ ಗುರುಗಳ ಮನೆ ಎಂಬುದಿಲ್ಲ. ಜಗತ್ತಿನ ಮೂಲೆಮೂಲೆಯ ಹವ್ಯಾಸಿಗಳು ಅಂತರಜಾಲದಲ್ಲಿ ಗುಂಪು ಕಟ್ಟಿಕೊಂಡಿದ್ದಾರೆ. ತಿಳಿಯದವನು ಅಲ್ಲಿಗೆ ಹೋಗಿ ಕೇಳುತ್ತಾನೆ. ತಿಳಿದವನು ಬಿಟ್ಟಿಯಾಗಿ ಹೇಳುತ್ತಾನೆ. ಕೇಳಿದವನು ಘಾಟಕೋಪರದಲ್ಲಿದ್ದರೆ ಹೇಳಿದವನು ಫಿನ್ಲೆಂಡಿನಲ್ಲಿರಬಹುದು. ವಿದ್ಯಾದಾನಕ್ಕೆ ಇಷ್ಟು ದೊಡ್ಡ ಛತ್ರವನ್ನು ಯಾವ ಮಹಾರಾಜರೂ ಕಟ್ಟಿಸಿರಲಾರರು. ಆದರೆ ಈ ಛತ್ರದಲ್ಲಿ ಜಗಳವೂ ಉಂಟು, ಅದು ಹಳೆಯದು. "ಇವರಿಗೆ ಎಷ್ಟು ಜಂಬ!" ಎಂದು ಹೊಸಬನು ಮುನಿಸಿಕೊಳ್ಳುತ್ತಾನೆ. "ಇವರಿಗೆ ಓದುವ ಕಷ್ಟವೇ ಬೇಡ" ಎಂದು ಬಲ್ಲವನು ಸಿಡುಕುತ್ತಾನೆ. ಈ ಜಗಳವನ್ನು ಕುರಿತೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಕಂಪ್ಯೂಟರನ್ನು ಮುಟ್ಟದ ಹಿರಿಯರು ದಯವಿಟ್ಟು ಎದ್ದು ಹೋಗಬಾರದು. ವಿಷಯ ಯಂತ್ರದ್ದಲ್ಲ, ಮನುಷ್ಯರದು.

ಮೊದಲು ಸ್ವಲ್ಪ ಪೂರ್ವಕಥೆ. ೧೯೭೫ರ ಜನವರಿಯಲ್ಲಿ ಅಮೆರಿಕದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಎಂಬ ಪತ್ರಿಕೆ ತನ್ನ ಮುಖಪುಟದಲ್ಲಿ ಆಲ್ಟೇರ್ ೮೮೦೦ ಎಂಬ ಯಂತ್ರದ ಚಿತ್ರವನ್ನು ಅಚ್ಚು ಹಾಕಿತು. ಬಿಡಿಭಾಗಗಳನ್ನು ತರಿಸಿಕೊಂಡು ಮನೆಯಲ್ಲಿಯೇ ಬೆಸುಗೆ ಹಾಕಿ ಜೋಡಿಸಿಕೊಳ್ಳುವ ಕಂಪ್ಯೂಟರು ಅದು. ಅದಕ್ಕೆ ಕೀಲಿಮಣೆಯಿಲ್ಲ, ಪರದೆಯಿಲ್ಲ. ಮುಂಭಾಗದಲ್ಲಿ ಸಾಲುಸಾಲು ಸ್ವಿಚ್ಚುಗಳು, ಮಿಣುಕುವ ಕೆಂಪು ದೀಪಗಳು. ಅದರ ನೆನಪಿನ ಸಾಮರ್ಥ್ಯ ಮೊದಲಿಗೆ ೨೫೬ ಬೈಟು. ಇಂದಿನ ಪದ್ಧತಿಯಲ್ಲಿ ಕನ್ನಡದ ಎರಡು ಸಣ್ಣ ವಾಕ್ಯ ಹಿಡಿಸಿದರೆ ಹೆಚ್ಚು. ಇಷ್ಟನ್ನು ಕಂಡೇ ಹವ್ಯಾಸಿಗಳು ಹುಚ್ಚಾದರು. ಆ ವರ್ಷದ ಮಾರ್ಚ್ ೫ರಂದು ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನಲ್ಲಿ, ಗಾರ್ಡನ್ ಫ್ರೆಂಚ್ ಎಂಬವರ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಸುಮಾರು ಮೂವತ್ತು ಜನ ಸೇರಿದರು. ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಹುಟ್ಟಿದ್ದು ಅಲ್ಲಿ. ಮುಂದೆ ಆ್ಯಪಲ್ ಯಂತ್ರವನ್ನು ರಚಿಸಿದ ಸ್ಟೀವ್ ವೋಜ್ನಿಯಾಕ್ ಆ ದಿನ ಒಂದು ಮೂಲೆಯಲ್ಲಿದ್ದರು. ಉಳಿದವರು ಮಾತಾಡುತ್ತಿದ್ದ ಹೊಸ ಬಗೆಯ ಚಿಪ್ಪುಗಳ ಸಮಾಚಾರ ತಮಗೆ ತಿಳಿದಿರಲಿಲ್ಲವೆಂದೂ, ಇಲ್ಲಿಗೆ ಏಕಾದರೂ ಬಂದೆನೋ ಎನಿಸಿತೆಂದೂ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆದರೆ ಅಲ್ಲಿ ಹಂಚಿದ ಚಿಪ್ಪಿನ ವಿವರಪತ್ರವೊಂದನ್ನು ಮನೆಗೆ ಕೊಂಡೊಯ್ದು ಅಂದೇ ರಾತ್ರಿ ಓದಿದರು. ಮುಂದಿನದು ಎಲ್ಲರಿಗೂ ತಿಳಿದದ್ದೇ.

ಈ ಕೊಟ್ಟಿಗೆಯ ಕಥೆಯನ್ನು ಹೇಳಿದವರೆಲ್ಲ ವೋಜ್ನಿಯಾಕರ ಪ್ರತಿಭೆಯನ್ನು ಹೊಗಳಿ ನಿಲ್ಲಿಸುತ್ತಾರೆ. ನಮ್ಮ ಕಣ್ಣಿಗೆ ಬಿದ್ದುದು ಬೇರೆ. ಆ ಯಂತ್ರ ಹೊರಬಂದು ಎರಡು ಮೂರು ತಿಂಗಳಾಗಿತ್ತಷ್ಟೆ. ಅದರ ಮಟ್ಟಿಗೆ ಅಲ್ಲಿ ಅತ್ಯಂತ ಬಲ್ಲವನಿಗೂ ಏನೂ ಅರಿಯದವನಿಗೂ ಇದ್ದ ದೂರವೂ ಅಷ್ಟೇ. ಜಗಳಕ್ಕೆ ಅವಕಾಶವೇ ಕಡಮೆ. ಜಗಳ ಹುಟ್ಟಬೇಕಾದರೆ ದೂರ ಬೆಳೆಯಬೇಕು.

ಅದು ಬೆಳೆದ ಬಗೆಯನ್ನು ಯೂಸ್‌ನೆಟ್ಟಿನ ಚರಿತ್ರೆಯಲ್ಲಿ ಕಾಣಬಹುದು. ೧೯೭೯-೮೦ರಲ್ಲಿ ಅಮೆರಿಕದ ಡ್ಯೂಕ್ ಮತ್ತು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯಗಳ ನಡುವೆ ಪ್ರಾರಂಭವಾಗಿ, ಕ್ರಮೇಣ ಜಗತ್ತಿನ ಕಾಲೇಜುಗಳಿಗೆಲ್ಲ ಹಬ್ಬಿದ ಚರ್ಚಾಕೂಟ ಅದು. ಅಲ್ಲಿ ವರ್ಷಕ್ಕೊಮ್ಮೆ, ಸೆಪ್ಟೆಂಬರಿನಲ್ಲಿ, ಕಷ್ಟಕಾಲ. ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗರಿಗೆ ಆಗ ಕಂಪ್ಯೂಟರು ಕೈಗೆ ಸಿಗುತ್ತಿತ್ತು. ರೀತಿ ರಿವಾಜು ತಿಳಿಯದೆ ನುಗ್ಗುತ್ತಿದ್ದರು, ಕೇಳಿದ್ದನ್ನೇ ಕೇಳುತ್ತಿದ್ದರು. ಹಳಬರು ಗೊಣಗುತ್ತ ತಿದ್ದುತ್ತಿದ್ದರು. ಒಂದೆರಡು ತಿಂಗಳಲ್ಲಿ ಹುಡುಗರು ಪಳಗುತ್ತಿದ್ದರು. ಮುಂದಿನ ವರ್ಷ ಹೊಸಬರನ್ನು ತಿದ್ದುವ ಕೆಲಸಕ್ಕೆ ಇವರೂ ಒದಗುತ್ತಿದ್ದರು. ೧೯೯೩-೯೪ರ ಸುಮಾರಿಗೆ ಅಮೆರಿಕ ಆನ್‌ಲೈನ್ ಮೊದಲಾದ ವಾಣಿಜ್ಯ ಸಂಸ್ಥೆಗಳು ತಮ್ಮ ಗಿರಾಕಿಗಳಿಗೆಲ್ಲ ಯೂಸ್‌ನೆಟ್ಟಿನ ಬಾಗಿಲನ್ನು ತೆರೆದವು. ಅಂದಿನಿಂದ ಹೊಸಬರು ಸೆಪ್ಟೆಂಬರಿನಲ್ಲಿ ಮಾತ್ರವಲ್ಲ, ದಿನವೂ ಬಂದರು. ಹಳಬರು ಆ ಕಾಲವನ್ನು ‘ಮುಗಿಯದ ಸೆಪ್ಟೆಂಬರು’ ಎಂದು ಕರೆದರು. ಹೆಸರು ಇಂದಿಗೂ ಉಳಿದಿದೆ. ಅದನ್ನು ಹೇಳುವಾಗ ಹಳಬರ ಬಾಯಲ್ಲಿ, ಒಳ್ಳೆಯ ಕೇರಿಯೊಂದು ಕೆಟ್ಟುಹೋಯಿತೆಂಬ ದನಿ. ಬಂದವರು ಕೆಟ್ಟವರೆಂದು ನಮಗೆ ತೋರುವುದಿಲ್ಲ. ಕಳೆದ ವರ್ಷದ ಹೊಸಬರು ಈ ವರ್ಷದ ಹೊಸಬರನ್ನು ಪಳಗಿಸುವ ಏರ್ಪಾಡೊಂದು ಇತ್ತಲ್ಲ, ಅದು ಅಷ್ಟು ಜನರ ಭಾರ ತಾಳದೆ ಮುರಿಯಿತು.

ಮುಂಬಯಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಊರಿನಿಂದ ಹೊಸದಾಗಿ ಬಂದ ಹುಡುಗ ಸಂಜೆಯ ಹೊತ್ತು ಚರ್ಚ್‌ಗೇಟಿನಲ್ಲಿ ವಿರಾರದ ವೇಗದ ಗಾಡಿಯನ್ನು ಹತ್ತಿ, ಬೊರಿವಲಿಯಲ್ಲಿ ಇಳಿಯುತ್ತೇನೆಂದು ಹೊರಟರೆ ಏನಾಗುತ್ತದೆಂದು ನೀವೆಲ್ಲ ಬಲ್ಲಿರಿ. ಗಾಡಿ ಬೊರಿವಲಿಯಲ್ಲಿ ನಿಲ್ಲುವುದೇನೋ ನಿಜ. ಆದರೆ ಆ ಗಾಡಿ ವಿರಾರದವರದು. ಹತ್ತಿರದ ಊರಿನವನು ಅದನ್ನು ಹತ್ತಬಾರದೆಂಬ ಶಾಸನ ಎಲ್ಲಿಯೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ಹುಡುಗನಿಗೆ ಬೈಗುಳ ಬೀಳುತ್ತದೆ. ಇಪ್ಪತ್ತು ವರ್ಷದಿಂದ ಅದೇ ಡಬ್ಬಿಯಲ್ಲಿ ಭಜನೆ ಮಾಡುತ್ತ ಹೋಗುವ ಹಿರಿಯರು ಇಂಥವನ ಕಡೆ ತಿರುಗಿಯೂ ನೋಡುವುದಿಲ್ಲ. "ಅಣ್ಣಾ, ನಾಳೆಯಿಂದ ಬೊರಿವಲಿ ಗಾಡಿಯನ್ನೇ ಹಿಡಿ" ಎಂದು ಕಿವಿಯಲ್ಲಿ ಹೇಳುವವನು ಯಾರು? ಹೋದ ತಿಂಗಳು ತಾನೇ ಬೈಸಿಕೊಂಡವನು.

ಬಲ್ಲವನ ಬೈಗುಳದಿಂದ ಹೊಸಬನು ಗಟ್ಟಿಯಾಗುತ್ತಾನೆಂದು ವಾದಿಸುವವರುಂಟು. ಅವರು ಒಂದು ಪ್ರಸಿದ್ಧ ದೃಷ್ಟಾಂತವನ್ನು ಕೊಡುತ್ತಾರೆ. ೧೯೯೧ರ ಆಗಸ್ಟ್ ೨೫ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್, ಕಂಪ್ಯೂಟರನ್ನು ನಡೆಸುವ ಮೂಲತಂತ್ರಾಂಶವೊಂದನ್ನು ತಾನು ಬರೆಯುತ್ತಿರುವುದಾಗಿಯೂ ಅದು ಬರಿಯ ಹವ್ಯಾಸವೆಂದೂ ಯೂಸ್‌ನೆಟ್ಟಿನ ಗುಂಪೊಂದಕ್ಕೆ ತಿಳಿಸಿದನು. ಆಗ ಅವನ ವಯಸ್ಸು ೨೧. ಆ ಗುಂಪು ಆಮ್‌ಸ್ಟರ್‌ಡ್ಯಾಮಿನ ಪ್ರೊಫೆಸರ್ ಆ್ಯಂಡ್ರೂ ಟ್ಯಾನೆನ್‌ಬಾಮ್ ಅವರ ಮಿನಿಕ್ಸ್ ಎಂಬ ತಂತ್ರಾಂಶದ ಅಭಿಮಾನಿಗಳದು. ಅವರ ಗ್ರಂಥವನ್ನು ಓದಿಯೇ ಈ ಹುಡುಗ ವಿಷಯ ಕಲಿತಿದ್ದನು. ೧೯೯೨ರ ಜನವರಿಯಲ್ಲಿ ಪ್ರೊಫೆಸರರು ಎಲ್ಲರ ಮುಂದೆ, ಲಿನಕ್ಸಿನ ರಚನೆಯ ಕ್ರಮ ಹಳಸಿದ್ದೆಂದು ಸಾರಿದರು. ನೀನು ನನ್ನ ವಿದ್ಯಾರ್ಥಿಯಾಗಿದ್ದರೆ ಇದಕ್ಕೆ ಒಳ್ಳೆಯ ಅಂಕ ಸಿಗುತ್ತಿರಲಿಲ್ಲವೆಂಬ ಅರ್ಥದ ಮಾತನ್ನೂ ಆಡಿದರು. ಹುಡುಗನು ಸುಮ್ಮನಿರಲಿಲ್ಲ. ಖಾರವಾಗಿಯೇ ಉತ್ತರ ಕೊಟ್ಟನು. ಮಾರನೆಯ ದಿನ ಮಾತಿನ ಧಾಟಿಗೆ ಕ್ಷಮೆಯನ್ನೂ ಕೇಳಿದನು. ಇಬ್ಬರೂ ವಾದವನ್ನು ಬಿಡಲಿಲ್ಲ, ಹಗೆಯನ್ನೂ ಬೆಳೆಸಲಿಲ್ಲ. ೨೦೦೪ರಲ್ಲಿ ಲಿನಕ್ಸನ್ನು ಮಿನಿಕ್ಸಿನಿಂದ ಕದ್ದದ್ದೆಂದು ಯಾರೋ ಆಪಾದಿಸಿದಾಗ, ಹಾಗಲ್ಲವೆಂದು ಮುಂದೆ ಬಂದು ಸಾಕ್ಷಿ ನುಡಿದವರು ಇದೇ ಟ್ಯಾನೆನ್‌ಬಾಮ್.

ಕಥೆ ಚೆನ್ನಾಗಿದೆ. ಆದರೆ ಅದರಿಂದ ಬೈಗುಳದ ಮಹಿಮೆ ಸಿದ್ಧವಾಗುವುದಿಲ್ಲ. ಟೋರ್ವಾಲ್ಡ್ಸ್ ಆಗಲೇ ಒಂದು ಮೂಲತಂತ್ರಾಂಶವನ್ನು ಬರೆದು ಕೈಯಲ್ಲಿ ಹಿಡಿದಿದ್ದವರು. ಎದುರುತ್ತರ ಕೊಡಲು ಬಂಡವಾಳವಿತ್ತು. ಬೈಸಿಕೊಂಡು ಗಟ್ಟಿಯಾದವರ ಹೆಸರು ಚರಿತ್ರೆಯಲ್ಲಿರುತ್ತದೆ. ಬೈಸಿಕೊಂಡು ಎದ್ದುಹೋದವರ ಲೆಕ್ಕ ಯಾವ ಖಾತೆಯಲ್ಲಿಯೂ ಇಲ್ಲ. ಅಲ್ಲದೆ ಇದೇ ಟೋರ್ವಾಲ್ಡ್ಸ್ ಮುಂದೆ ತಮ್ಮ ಕಟುಮಾತುಗಳಿಗಾಗಿ ಹೆಸರಾದರು. ಅವು ಹೊಸಬರಿಗಿಂತ ಹೆಚ್ಚಾಗಿ ಜೊತೆಯ ಹಳಬರ ಮೇಲೆ ಬಿದ್ದವೆನ್ನಬೇಕು. ೨೦೧೮ರ ಸೆಪ್ಟೆಂಬರಿನಲ್ಲಿ ಅವರು ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಬೇಡಿ, ಕೆಲವು ವಾರ ಕೆಲಸದಿಂದ ದೂರ ನಿಂತರು.

ಈಗ ನಮ್ಮವರ ಸಂಗತಿಯೊಂದು. ನಮ್ಮ ಪರಿಚಯದ ಹಿರಿಯರೊಬ್ಬರಿದ್ದಾರೆ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮಾಸ್ತರಾಗಿದ್ದು ನಿವೃತ್ತರಾದವರು. ತಮ್ಮ ತಾಯಿ ಹಾಡುತ್ತಿದ್ದ ಹಾಡುಗಳನ್ನು, ಬೀಸುವ ಕಲ್ಲಿನವು, ತೊಟ್ಟಿಲಿನವು, ಮದುವೆಯವು, ಎಲ್ಲ ಸೇರಿ ಇನ್ನೂರಕ್ಕೆ ಮೇಲೆ, ವರ್ಷಗಳ ಹಿಂದೆ ತಾವೇ ಒಂದೊಂದೇ ಅಕ್ಷರ ಒತ್ತಿ ಕಂಪ್ಯೂಟರಿಗೆ ಏರಿಸಿದ್ದರು. ತಾಯಿ ತೀರಿಕೊಂಡರು. ಬರೆದುಕೊಂಡಿದ್ದ ನೋಟುಬುಕ್ಕು ಒಂದು ಮಳೆಗಾಲದ ತೇವಕ್ಕೆ ಅಂಟಿ ಹಾಳಾಯಿತು. ಆಮೇಲೆ ಮಗ ಹೊಸ ಕಂಪ್ಯೂಟರು ತಂದುಕೊಟ್ಟ. ಅದರಲ್ಲಿ ಕಡತವನ್ನು ತೆರೆದರೆ ಕನ್ನಡವೇ ಇಲ್ಲ! ರೋಮನ್ ಅಕ್ಷರಗಳು, ಅವುಗಳ ತಲೆಯ ಮೇಲೆ ಫ್ರೆಂಚರ ಬರವಣಿಗೆಯಲ್ಲಿರುವಂಥ ಗೀಟುಗಳು, ಪೌಂಡಿನ ಗುರುತು. ಮಾಸ್ತರಿಗೆ ಎರಡು ರಾತ್ರಿ ನಿದ್ರೆಯಿಲ್ಲ. ಯಾರೋ ಹೇಳಿದರೆಂದು ಬಲ್ಲವರಿರುವ ಗುಂಪೊಂದರಲ್ಲಿ, "ನನ್ನ ಕನ್ನಡವೆಲ್ಲ ಕೆಟ್ಟುಹೋಗಿದೆ, ದಯವಿಟ್ಟು ಸರಿಪಡಿಸುವ ದಾರಿ ಹೇಳಿರಿ" ಎಂದು ಬರೆದು ಕೇಳಿದರು.

ಮೂರು ಉತ್ತರ ಬಂದವು. ಯಾವ ಎನ್‌ಕೋಡಿಂಗ್ ಎಂದು ತಿಳಿಸದೆ ಏನನ್ನೂ ಹೇಳಲಾಗದು ಎಂಬುದು ಮೊದಲನೆಯದು. ಈ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಕೊಟ್ಟಾಗಿದೆ, ಹುಡುಕಿ ಓದಿಕೊಳ್ಳಿ ಎಂಬುದು ಎರಡನೆಯದು. ಈ ಕಾಲದಲ್ಲಿಯೂ ಯೂನಿಕೋಡನ್ನು ಬಳಸದವರಿಗೆ ಏನೆನ್ನೋಣ ಎಂಬುದು ಮೂರನೆಯದು. ಮೂರೂ ಸತ್ಯವಾದ ಮಾತುಗಳೇ. ಮೂರರಿಂದಲೂ ಒಂದು ಅಕ್ಷರ ಮರಳಿ ಬರಲಿಲ್ಲ. ಎನ್‌ಕೋಡಿಂಗ್ ಎಂಬ ಶಬ್ದವನ್ನೇ ಮಾಸ್ತರು ಅಂದು ಮೊದಲು ಕೇಳಿದ್ದು. ಹುಡುಕಿ ಎಂದರೆ ಯಾವ ಹೆಸರಿನಿಂದ ಹುಡುಕಬೇಕು? ತನ್ನ ರೋಗದ ಹೆಸರು ಗೊತ್ತಿದ್ದವನು ಅರ್ಧ ವೈದ್ಯನೇ ಆಗಿರುತ್ತಾನೆ.

ಕಡೆಗೆ ಈ ಗಂಟನ್ನು ಬಿಡಿಸಿದವನು, ಮಾಟುಂಗದ ಕಡೆಯ ಉಡುಪಿ ಹೋಟೆಲಿನಲ್ಲಿ ಗಲ್ಲದ ಮೇಲೆ ಕೂರುವ ಒಬ್ಬ ಹುಡುಗ. ಅವನಿಗೆ ಹೋದ ವರ್ಷ ಅಕ್ಕನ ಮದುವೆಯ ಕರೆಯೋಲೆಯಲ್ಲಿ ಇದೇ ಗತಿಯಾಗಿತ್ತು. ಅವನು ಪರದೆಯನ್ನು ನೋಡಿದವನೇ, "ಮಾಸ್ತರೆ, ಏನೂ ಕೆಟ್ಟಿಲ್ಲ, ಎಲ್ಲ ಹಾಗೆಯೇ ಉಂಟು. ಅಂಗಿ ಮಾತ್ರ ಬದಲಾಗಿದೆ" ಎಂದ. ಆ ಒಂದು ಮಾತಿಗೆ ಮಾಸ್ತರು ಕುರ್ಚಿಯ ಮೇಲೆ ಕುಳಿತರಂತೆ.

ಹುಡುಗ ಹೇಳಿದ್ದು ಅಕ್ಷರಶಃ ಸರಿ. ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ಸಂಖ್ಯೆ. ಮೊದಲಿಗೆ ಆ ಸಂಖ್ಯೆಗಳೆಲ್ಲ ರೋಮನ್ ಲಿಪಿಯ ಪಾಲಾಗಿದ್ದವು. ನಮ್ಮವರು ಕಾದು ಕೂರದೆ, ರೋಮನ್ ಅಕ್ಷರಗಳ ಮನೆಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು, ಇಲ್ಲೊಂದು ತಲೆಕಟ್ಟು ಅಲ್ಲೊಂದು ಒತ್ತು ಎಂಬಂತೆ ಕೂರಿಸಿ ಅಕ್ಷರಮಾಲೆಗಳನ್ನು ರಚಿಸಿದರು. ಹಳೆಯ ನುಡಿ, ಬರಹ ಮೊದಲಾದುವೆಲ್ಲ ಈ ಉಪಾಯದಿಂದಲೇ ಕೆಲಸ ಮಾಡಿದವು. ಆ ಅಕ್ಷರಮಾಲೆ ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತದೆ. ಇಲ್ಲದ ಯಂತ್ರದಲ್ಲಿ ಮನೆಯ ಮೂಲ ಒಡೆಯರಾದ ರೋಮನರು ತಲೆಹಾಕುತ್ತಾರೆ. ಕನ್ನಡಕ್ಕೆಂದೇ ಪ್ರತ್ಯೇಕ ಸಂಖ್ಯೆಗಳನ್ನು ಯೂನಿಕೋಡ್ ೧೯೯೧ರಲ್ಲಿಯೇ ಗೊತ್ತುಮಾಡಿತಾದರೂ ಅದು ಸಾಮಾನ್ಯರ ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಹಳೆಯದನ್ನು ಹೊಸದಕ್ಕೆ ಮಾರ್ಪಡಿಸುವ ಉಪಕರಣಗಳು ಬಿಟ್ಟಿಯಾಗಿಯೇ ದೊರೆಯುತ್ತವೆ. ಮಾಸ್ತರ ತಾಯಿಯ ಹಾಡುಗಳು ಅರ್ಧ ಗಂಟೆಯಲ್ಲಿ ಕನ್ನಡವಾದವು. ಕೆಲವು ಒತ್ತಕ್ಷರಗಳು ಹೆಚ್ಚುಕಡಮೆಯಾಗಿದ್ದುದನ್ನು ಅವರು ಈಗಲೂ ತಿದ್ದುತ್ತಿದ್ದಾರೆ.

ಉತ್ತರ ಕೊಟ್ಟ ಆ ಮೂವರು ದುಷ್ಟರೆ? ಹಾಗೆಂದು ನಾವು ಹೇಳಲಾರೆವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ೧೯೯೦ರಲ್ಲಿ ಎಲಿಜಬೆತ್ ನ್ಯೂಟನ್ ಎಂಬವರು ಒಂದು ಪ್ರಯೋಗ ಮಾಡಿದರು. ಒಬ್ಬನು ಎಲ್ಲರಿಗೂ ತಿಳಿದ ಹಾಡೊಂದರ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಬಡಿಯಬೇಕು. ಇನ್ನೊಬ್ಬನು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟನ್ನಾದರೂ ಕೇಳುವವರು ಗುರುತಿಸುವರೆಂದು ಬಡಿಯುವವರ ಎಣಿಕೆ. ೧೨೦ ಹಾಡುಗಳನ್ನು ಬಡಿದದ್ದಾಯಿತು, ಗುರುತಿಸಿದ್ದು ೩ನ್ನು! ಬಡಿಯುವವನ ಕಿವಿಯೊಳಗೆ ರಾಗ ಶಬ್ದ ಎಲ್ಲ ಸೇರಿ ಹಾಡು ನಡೆಯುತ್ತಿರುತ್ತದೆ. ಕೇಳುವವನಿಗೆ ಸಿಗುವುದು ಬರಿಯ ಟಕಟಕ. ಸಭೆ ಮುಗಿದ ಮೇಲೆ ಕಾಫಿಯ ಹೊತ್ತಿನಲ್ಲಿ ನೀವೇ ಪರೀಕ್ಷಿಸಿ ನೋಡಬಹುದು. ಬಲ್ಲವನು "ಎನ್‌ಕೋಡಿಂಗ್ ಯಾವುದು?" ಎಂದಾಗ ಅವನ ಕಿವಿಯಲ್ಲಿ ಹಾಡೇ ಇದೆ. ತನ್ನದು ಟಕಟಕವೆಂಬುದು ಅವನಿಗೆ ತಿಳಿಯಲಾರದು. ಕಲಿತ ಮೇಲೆ ಕಲಿಯದಿದ್ದಾಗಿನ ಸ್ಥಿತಿಯನ್ನು ಮರಳಿ ನೆನಪಿಗೆ ತಂದುಕೊಳ್ಳುವುದು ಬಹಳ ಕಷ್ಟ.

ಬಲ್ಲವರ ಬೇಸರವೂ ಸುಳ್ಳಲ್ಲ. ಬೇಸರವೆಂದರೇನೆಂದು ಗುಮಾಸ್ತರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಣ ಕಳಿಸುವ ಚೀಟಿಯಲ್ಲಿ ಐ.ಎಫ್.ಎಸ್.ಸಿ. ಎಂಬ ಹನ್ನೊಂದು ಅಕ್ಷರಗಳ ಸಂಕೇತವನ್ನು ತುಂಬಬೇಕಷ್ಟೆ. ಅದರ ಐದನೆಯದು ಸೊನ್ನೆ. ಅದು ‘ಓ’ ಅಕ್ಷರವಲ್ಲ. ಇದನ್ನು ದಿನಕ್ಕೆ ಎಷ್ಟು ಸಲ ಹೇಳುತ್ತೇವೆಂಬುದನ್ನು ನಮ್ಮ ಗಂಟಲೇ ಬಲ್ಲದು. ನಮಗಾದರೋ ಹೇಳುವುದಕ್ಕೆ ಸಂಬಳವುಂಟು. ಅವರು ತಮ್ಮ ನಿದ್ರೆಯ ಹೊತ್ತಿನಲ್ಲಿ, ಮಕ್ಕಳೊಡನೆ ಕಳೆಯಬಹುದಾದ ಭಾನುವಾರದಲ್ಲಿ ಬಂದು ಹೇಳುತ್ತಾರೆ. ಕೇಳುವವರಲ್ಲಿಯೂ ಬಗೆಬಗೆಯವರುಂಟು. ಕಾಲೇಜಿನ ಮನೆಪಾಠವನ್ನು ಹಾಗೆಯೇ ಹಚ್ಚಿ, ನಾಳೆ ಬೆಳಗಿನೊಳಗೆ ಬೇಕು ಎನ್ನುವವರು ಕೆಲವರು. ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆದು, ಯಾವುದು, ಎಲ್ಲಿ, ಹೇಗೆ ಎಂಬುದನ್ನು ದೇವರಿಗೆ ಬಿಡುವವರು ಕೆಲವರು. ಎಲ್ಲರಿಗಿಂತ ದೊಡ್ಡ ಅಪರಾಧಿ ಇನ್ನೊಬ್ಬನಿದ್ದಾನೆ: ಹತ್ತು ಜನರ ತಲೆ ತಿಂದು, ಕಡೆಗೆ "ಸರಿಹೋಯಿತು, ವಂದನೆಗಳು" ಎಂದು ಬರೆದು, ಹೇಗೆ ಸರಿಹೋಯಿತೆಂಬುದನ್ನು ಹೇಳದೆ ಮಾಯವಾಗುವವನು. ಐದು ವರ್ಷದ ಮೇಲೆ ಅದೇ ತೊಂದರೆಯಿಂದ ಬಂದವನಿಗೆ ಆ ಪುಟ ಕಾಣುತ್ತದೆ, ಉತ್ತರ ಕಾಣುವುದಿಲ್ಲ.

ಇಂಥವರ ಕಾಟ ತಾಳದೆ ಎರಿಕ್ ರೇಮಂಡ್, ರಿಕ್ ಮೋಎನ್ ಎಂಬ ಇಬ್ಬರು ೨೦೦೧ರಲ್ಲಿ, ಪ್ರಶ್ನೆಯನ್ನು ಜಾಣತನದಿಂದ ಕೇಳುವುದು ಹೇಗೆಂದು ಒಂದು ದೀರ್ಘ ಬರಹವನ್ನೇ ಪ್ರಕಟಿಸಿದರು. ಮೊದಲು ನೀವೇ ಹುಡುಕಿ. ಏನೇನು ಪ್ರಯತ್ನಿಸಿದಿರೆಂದು ಹೇಳಿ. ಯಂತ್ರ ತೋರಿದ ದೋಷವಾಕ್ಯವನ್ನು ಇದ್ದಂತೆಯೇ ಬರೆಯಿರಿ. ಉತ್ತರ ಸಿಕ್ಕಮೇಲೆ ಪರಿಹಾರವನ್ನು ಎಲ್ಲರಿಗೂ ತಿಳಿಸಿ. ಇದು ಸದುಪದೇಶವೇ, ನಮಗೂ ಇದರಿಂದ ಲಾಭವಾಗಿದೆ. ಆದರೆ ಈ ಬರಹ ಅಷ್ಟು ಉದ್ದವಾಗಿದೆಯೆಂದರೆ, ಅದನ್ನು ಓದಿ ಅರಗಿಸಿಕೊಳ್ಳುವ ಹೊತ್ತಿಗೆ ಹೊಸಬನು ಹೊಸಬನಾಗಿ ಉಳಿದಿರುವುದಿಲ್ಲ. ಅದೂ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಓದಿ ಬಂದವನಿಗೆ ಪ್ರಶ್ನೆಯನ್ನು ಕಟ್ಟುವುದೇ ಒಂದು ಪರೀಕ್ಷೆ. ತಪ್ಪು ಇಂಗ್ಲಿಷನ್ನು ಕಂಡ ಬಲ್ಲವನು ಅದನ್ನು ತಪ್ಪು ಬುದ್ಧಿಯೆಂದು ಬಗೆಯುವುದೂ ಉಂಟು.

ಬೇರೆ ದಾರಿ ಹಿಡಿದವರೂ ಇದ್ದಾರೆ. ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್ ೨೦೦೪ರಲ್ಲಿ ಉಬುಂಟು ಎಂಬ ಲಿನಕ್ಸ್ ಪ್ರಭೇದವನ್ನು ಹೊರತಂದರು. ಆ ಶಬ್ದಕ್ಕೆ ಅವರ ನಾಡಿನ ಭಾಷೆಗಳಲ್ಲಿ ಮನುಷ್ಯರು ಪರಸ್ಪರ ತೋರಬೇಕಾದ ಮಾನವೀಯತೆ ಎಂದು ಅರ್ಥ. ನಡೆನುಡಿಯ ನಿಯಮಾವಳಿಯೊಂದನ್ನು ಮೊದಲೇ ಮಾಡಿಟ್ಟರು. ಅವರ ಬಳಕೆದಾರರ ಕೂಟದಲ್ಲಿ ಏನೂ ಅರಿಯದವರಿಗೆಂದೇ ಒಂದು ಬೇರೆ ಪಡಸಾಲೆಯಿತ್ತು. ೨೦೧೧ರ ವರೆಗೆ, ಕೇಳಿದವರಿಗೆಲ್ಲ ಅದರ ಸಿ.ಡಿ.ಯನ್ನು ಅಂಚೆ ವೆಚ್ಚವನ್ನೂ ಕೇಳದೆ ಮನೆಗೆ ಕಳಿಸುತ್ತಿದ್ದರು. ನಮ್ಮ ಕಾಲೇಜಿನ ದಿನಗಳಲ್ಲಿ ಚಾಳಿನ ಬಾಗಿಲಿಗೆ ಅಂಥ ಲಕೋಟೆ ಬಂದಾಗ, ಹುಡುಗನಿಗೆ ವಿದೇಶದಲ್ಲಿ ನೌಕರಿ ಸಿಕ್ಕಿತೆಂದು ನೆರೆಯವರು ಭಾವಿಸಿದ್ದುಂಟು.

ಇನ್ನೊಂದು ಮುಖ್ಯ ಪ್ರಯೋಗ ಸ್ಟ್ಯಾಕ್ ಓವರ್‌ಫ್ಲೋ. ೨೦೦೮ರಲ್ಲಿ ಜೆಫ್ ಆಟ್‌ವುಡ್ ಮತ್ತು ಜೋಯಲ್ ಸ್ಪೋಲ್ಸ್ಕಿ ಇದನ್ನು ಸ್ಥಾಪಿಸಿದರು. ಒಳ್ಳೆಯ ಉತ್ತರಕ್ಕೆ ಅಂಕ. ಹಿಂದೆ ಕೇಳಿದ್ದನ್ನೇ ಕೇಳಿದರೆ ನಕಲೆಂದು ಮುದ್ರೆ ಒತ್ತಿ ಮುಚ್ಚಿಬಿಡುವುದು. ಇದರಿಂದ ಉತ್ತರಗಳ ಭಂಡಾರವೇನೋ ಅದ್ಭುತವಾಗಿ ಬೆಳೆಯಿತು. ಆದರೆ ಬಲ್ಲವನು ಅದನ್ನು ಗ್ರಂಥಾಲಯವೆಂದು ತಿಳಿದಿದ್ದನು. ಒಂದು ಪುಸ್ತಕದ ಎರಡು ಪ್ರತಿ ಏಕೆಂಬುದು ಅವನ ವಾದ. ಹೊಸಬನು ಅದನ್ನು ಪಾಠಶಾಲೆಯೆಂದು ತಿಳಿದು ಬಂದನು. ಪಾಠಶಾಲೆಯಲ್ಲಿ ಹೋದ ವರ್ಷ ಕೇಳಿದ ಪ್ರಶ್ನೆಯನ್ನೇ ಈ ವರ್ಷವೂ ಹುಡುಗರು ಕೇಳುತ್ತಾರೆ. ಒಂದೇ ಕಟ್ಟಡ, ಎರಡು ಫಲಕ. ಜಗಳದ ಅರ್ಧ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ತಮ್ಮಲ್ಲಿಗೆ ಬಂದ ಹೊಸಬರಿಗೆ ಆದರ ಸಿಗುತ್ತಿಲ್ಲವೆಂದು ೨೦೧೮ರ ಏಪ್ರಿಲಿನಲ್ಲಿ ಆ ಸಂಸ್ಥೆಯೇ ಬಹಿರಂಗವಾಗಿ ಒಪ್ಪಿಕೊಂಡಿತು.

ಆಮೇಲೆ ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಿತು. ಹೊಸಬನ ಕಷ್ಟ ಒಂದೇ ಏಟಿಗೆ ತೀರಿದಂತಾಯಿತು. ಯಂತ್ರವನ್ನು ಎಷ್ಟು ಸಲ ಕೇಳಿದರೂ ಸಿಡುಕುವುದಿಲ್ಲ, ಹುಡುಕಿ ಓದಿಕೋ ಎನ್ನುವುದಿಲ್ಲ, ಕನ್ನಡದಲ್ಲಿ ಕೇಳಿದರೂ ಉತ್ತರ ಕೊಡುತ್ತದೆ. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಪ್ರಶ್ನೆಗಳ ಸಂಖ್ಯೆ ಆ ಬಳಿಕ ಬಹಳ ಕುಸಿದಿದೆ. ಬಲ್ಲವರಿಗೆ ಕಾಟ ತಪ್ಪಿತು, ಹೊಸಬರಿಗೆ ಬೈಗುಳ ತಪ್ಪಿತು. ಇನ್ನೇನು ಬೇಕು ಎನ್ನಬಹುದು. ನಮಗೆ ಸಮಾಧಾನವಿಲ್ಲ. ಆ ಯಂತ್ರ ಕಲಿತದ್ದಾದರೂ ಎಲ್ಲಿಂದ? ಮನುಷ್ಯರು ಇಂಥ ಕೂಟಗಳಲ್ಲಿ ವರ್ಷಗಟ್ಟಲೆ, ಸಿಡುಕುತ್ತಲೋ ನಗುತ್ತಲೋ, ಬರೆದಿಟ್ಟದ್ದರಿಂದ. ಅದು ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ. ೨೦೨೨ರ ಡಿಸೆಂಬರಿನಲ್ಲಿಯೇ ಸ್ಟ್ಯಾಕ್ ಓವರ್‌ಫ್ಲೋ ಯಂತ್ರ ಬರೆದ ಉತ್ತರಗಳನ್ನು ತನ್ನಲ್ಲಿ ಹಾಕಕೂಡದೆಂದು ನಿಷೇಧಿಸಬೇಕಾಯಿತು. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಯಂತ್ರದಿಂದ ಉತ್ತರ ಪಡೆದವನು ಮುಂದಿನ ವರ್ಷ ಯಾರಿಗೂ ಉತ್ತರ ಹೇಳುವುದಿಲ್ಲ. ಹೇಳುವ ಜಾಗಕ್ಕೆ ಅವನು ಹೋಗಿಯೇ ಇಲ್ಲ. ಗಲ್ಲದ ಮೇಲಿನ ಹುಡುಗ ತನ್ನ ಅಕ್ಕನ ಕರೆಯೋಲೆಯನ್ನು ಯಂತ್ರದೊಡನೆಯೇ ಸರಿಮಾಡಿಕೊಂಡಿದ್ದರೆ, ಅದು ಅವನಿಗೂ ಯಂತ್ರಕ್ಕೂ ಮಾತ್ರ ಗೊತ್ತಿರುತ್ತಿತ್ತು.

ನಮ್ಮ ಮುಂಬಯಿಯ ಕನ್ನಡ ರಾತ್ರಿಶಾಲೆಗಳನ್ನು ಇಲ್ಲಿ ನೆನೆಯಬೇಕು. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು ಕೆಲಸ ಮುಗಿಸಿ, ತೂಕಡಿಸುತ್ತ ಬಂದು ಕಲಿತ ಶಾಲೆಗಳು. ಅಲ್ಲಿ ಕಲಿತವರು ಕೆಲವರು ಮುಂದೆ ಅಲ್ಲಿಯೇ ಕಲಿಸಿದರೆಂದೂ, ಹುಡುಗರ ಕಷ್ಟ ಅವರಿಗೆ ತಿಳಿದಂತೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲವೆಂದೂ ಈ ಸಭೆಯಲ್ಲಿರುವ ಹಿರಿಯರೇ ನಮಗೆ ಹೇಳಿದ್ದಾರೆ. ನಮ್ಮ ಬ್ಯಾಂಕುಗಳಲ್ಲಿಯೂ ೧೯೮೪ರ ರಂಗರಾಜನ್ ಸಮಿತಿಯ ವರದಿಯ ತರುವಾಯ ಮೆಲ್ಲಮೆಲ್ಲನೆ ಯಂತ್ರಗಳು ಬಂದಾಗ, ಮುತ್ತಿನಂಥ ಅಕ್ಷರದಲ್ಲಿ ಲೆಡ್ಜರು ಬರೆಯುತ್ತಿದ್ದವರು ಐವತ್ತರ ವಯಸ್ಸಿನಲ್ಲಿ ಹೊಸಬರಾಗಬೇಕಾಯಿತು. ಅವರಿಗೆ ಕೈಹಿಡಿದು ತೋರಿಸಿದವರು ತರಬೇತಿ ಕೇಂದ್ರದ ಪಂಡಿತರಲ್ಲ, ಪಕ್ಕದ ಮೇಜಿನವರು ಎಂದು ನಿವೃತ್ತರಾದವರು ಹೇಳುವುದನ್ನು ಕೇಳಿದ್ದೇವೆ.

ಆದ್ದರಿಂದ ನಮ್ಮ ಸೂಚನೆ ಇಷ್ಟೆ. ಎಲ್ಲ ಪ್ರಶ್ನೆಗೂ ಮಹಾಪಂಡಿತರೇ ಉತ್ತರ ಕೊಡಲೆಂದು ಹಟ ಹಿಡಿಯುವುದು ಬೇಡ. ಅವರು ಕಠಿನವಾದುವನ್ನು ನೋಡಿಕೊಳ್ಳಲಿ. ಹೋದ ವರ್ಷ ಕಲಿತವರು ಈ ವರ್ಷದವರ ಪಕ್ಕದಲ್ಲಿ ಕೂರಲಿ. ವಾಚನಾಲಯದ ಕಿಟಕಿಯ ಬಳಿಯ ಮೇಜನ್ನು ಪ್ರತಿ ತಿಂಗಳ ಮೊದಲನೆಯ ಭಾನುವಾರ ಮಧ್ಯಾಹ್ನ ೩ರಿಂದ ೫ರ ವರೆಗೆ ಬಿಟ್ಟುಕೊಡಲು ಕಾರ್ಯದರ್ಶಿಗಳು ಒಪ್ಪಿದ್ದಾರೆ. ನಾವು ಜೋಡಿಸಿದ ಎರಡು ಹಳೆಯ ಕಂಪ್ಯೂಟರುಗಳು ಅಲ್ಲಿರುತ್ತವೆ. ಮೇಜಿನ ಹಿಂದೆ ಕೂರುವವನು ಮಾಟುಂಗದ ಆ ಹುಡುಗ. ಹೋಟೆಲಿನಲ್ಲಿ ಅವನಿಗೆ ಆ ಹೊತ್ತು ಬಿಡುವು. ಅವನಿಗೆ ಬಗೆಹರಿಯದ್ದನ್ನು ನಾವು ನೋಡುತ್ತೇವೆ. ನಮಗೂ ಬಗೆಹರಿಯದ್ದನ್ನು ಫಿನ್ಲೆಂಡಿಗೆ ಬರೆದು ಕೇಳೋಣ. ಮನೆಯಲ್ಲಿ ಹಳೆಯ ಕನ್ನಡ ಕಡತಗಳಿದ್ದವರು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಬನ್ನಿ. ಏನು ಕೆಟ್ಟಿದೆಯೆಂದು ವಿವರಿಸುವ ಅಗತ್ಯವಿಲ್ಲ. ತೆರೆದು ತೋರಿಸಿದರೆ ಸಾಕು.